ತಿಪ್ಪೆಗುಂಡಿಯೂ ನೆರೆಯವರ ತೆಂಗೂ

ಬೇಸಗೆಯ ಕೊನೆಯಲ್ಲಿ ನಮ್ಮ ಹಳ್ಳಿಗಳ ದಾರಿಯಾಗಿ ಹೋಗುವವನಿಗೆ ಬೇಸಾಯಗಾರನು ಕೈಕಟ್ಟಿ ಕೂತಿದ್ದಾನೆಂದು ತೋರುವದು. ಕೆರೆಯ ಅಂಗಳವು ಬಿರುಕು ಬಿಟ್ಟಿರುವದು. ಹೊಲದಲ್ಲಿ ಕೂಳೆಯ ಹೊರತು ಬೇರೇನೂ ಕಾಣದು. ಜಗುಲಿಯ ಮೇಲೆ ಮಾತು ಮಾತ್ರ ಸಮೃದ್ಧಿಯಾಗಿರುವದು. ಆದರೆ ಕೆಲಸವನ್ನು ಬಲ್ಲವರಿಗೆ ಏಪ್ರಿಲ್ ತಿಂಗಳ ನಡುವಿನಿಂದ ಜೂನ್ ತಿಂಗಳ ಮೊದಲ ವಾರದ ವರೆಗಿನ ಈ ಕೆಲವು ವಾರಗಳಷ್ಟು ಬೆಲೆಯುಳ್ಳ ಕಾಲವು ವರುಷದಲ್ಲಿ ಮತ್ತೊಂದಿಲ್ಲ. ಭರಣಿ, ಕೃತ್ತಿಕೆಗಳ ಮಳೆ ಎರಡು ಸಾರಿ ಹದವಾಗಿ ಬಿದ್ದ ಮೇಲೆ ಯಾರ ಕೈಗೂ ಬಿಡುವು ದೊರೆಯದು. ಆಗ ಮಾಡದೆ ಬಿಟ್ಟ ಕೆಲಸವು ವರುಷವೆಲ್ಲಾ ಬಿಟ್ಟ ಹಾಗೆಯೇ ಉಳಿಯುವದು.

ಈ ತಿಂಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ಸೀಮೆಗಳ ನಮ್ಮ ವಾಚಕರಿಗೆ ಬೇಸಗೆಯ ಕೊನೆಯ ತೋಟಗೆಲಸಗಳನ್ನು ನೆನಪುಮಾಡಿ ಬರೆಯೋಣವೆಂದು ಕೂತೆವು. ಬರೆಯುತ್ತಿರಲಾಗಿ ಒಂದು ಪ್ರಶ್ನೆಯು ಅಡ್ಡ ಬಂದು ನಿಂತಿತು. ಅದು ಏನಂದರೆ, ಒಬ್ಬನು ತನ್ನ ಬದುವಿನ ಒಳಗೆ ಮಾಡದೆ ಬಿಟ್ಟ ಕೆಲಸದಿಂದ ಬದುವಿನ ಆಚೆಯವನಿಗೆ ಕೇಡಾದರೆ ಅದು ಇವನ ತಪ್ಪೋ? ಆ ಕೇಡು ಇವನಿಂದಲೇ ಬಂತೆಂದು ಯಾರೂ ತೋರಿಸಿಕೊಡಲಾರದೆ ಇದ್ದರೂ ತಪ್ಪೋ? ಈ ಪ್ರಶ್ನೆಯು ನಮಗೆ ಪುಸ್ತಕದಿಂದ ಬಂದದ್ದಲ್ಲ, ನಮ್ಮದೇ ತಿಪ್ಪೆಗುಂಡಿಯಿಂದ ಬಂತು. ಆದಕಾರಣ ಕೆಲಸಗಳ ಮಾತನ್ನು ಮೊದಲು ಮುಗಿಸಿ ಅದಕ್ಕೆ ಬರುವೆವು.

ತೆಂಗಿನ ಸಸಿ ಇಡಬೇಕೆನ್ನುವವರು ಗುಂಡಿಯನ್ನು ಈಗಲೇ ತೋಡಬೇಕು. ಮಳೆ ಹಿಡಿದ ಮೇಲೆ ತೋಡುವೆವೆನ್ನುವವರ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುವದನ್ನು ಎಷ್ಟೋ ಸಾರಿ ನೋಡಿದ್ದೇವೆ. ಸಾಲಿಗೆ ಸಾಲು, ಗುಂಡಿಗೆ ಗುಂಡಿ 25 ಅಡಿಗೆ ಕಡಿಮೆಯಾಗದಂತೆ ಬಿಟ್ಟು, ಉದ್ದ ಅಗಲ ಆಳಗಳಲ್ಲಿ 3 ಅಡಿಯ ಗುಂಡಿ ತೋಡಿ, ಮೇಲ್ಮಣ್ಣನ್ನು ಒಂದು ಕಡೆಗೂ ಒಳಮಣ್ಣನ್ನು ಇನ್ನೊಂದು ಕಡೆಗೂ ಹಾಕಿ ಬಿಸಿಲು ಕಾಣಿಸಬೇಕು. ಮಳೆಗೆ ಮುಂಚೆ ಮೇಲ್ಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ ಇವನ್ನು ಕಲಸಿ ಗುಂಡಿಯ ಮುಕ್ಕಾಲು ಪಾಲು ತುಂಬಿಡಬೇಕು. ಸಸಿಗೆ ಒಂಬತ್ತರಿಂದ ಹನ್ನೆರಡು ತಿಂಗಳ ವಯಸ್ಸು, ಆರಕ್ಕೆ ಕಡಿಮೆಯಿಲ್ಲದ ಎಲೆ, ದಪ್ಪವಾದ ಬುಡ ಇವು ಇರಬೇಕು. ನೆರಳಲ್ಲಿ ಎಳಸಾಗಿ ಉದ್ದ ಬೆಳೆದದ್ದನ್ನು ಸಂತೆಯಲ್ಲಿ ಬಹಳ ಹೊಗಳಿ ಮಾರುವರು. ಹೊಗಳಿಕೆ ಹೆಚ್ಚಾದ ಸಸಿಯನ್ನು ಕೊಳ್ಳಬೇಡಿರಿ. ಫಲ ಬಿಡುವ ಮರಗಳ ಬುಡದಲ್ಲಿ ಸುತ್ತಲೂ 6 ಅಡಿಯಷ್ಟು ಪಾತಿಯನ್ನು ಒಣಗರಿಯಿಂದಲೂ ಮಟ್ಟೆಸಿಪ್ಪೆಯಿಂದಲೂ ಮುಚ್ಚಿದರೆ ಉಳಿದಿರುವ ತೇವವನ್ನು ಬಿಸಿಲು ಕುಡಿಯದು. ಇಳಿಜಾರು ಹೊಲವುಳ್ಳವರು ಮೊದಲನೆಯ ಮಳೆಗೇ ಇಳಿಜಾರಿಗೆ ಅಡ್ಡಲಾಗಿ ಉಳಬೇಕು. ಹರಿದುಹೋದ ಬದುಗಳನ್ನು ಅದಕ್ಕೂ ಮುಂಚೆಯೇ ಕಟ್ಟಬೇಕು.

ಆಲೂಗೆಡ್ಡೆಯು ನಮ್ಮ ಸೀಮೆಗೆ ಹೆಸರು ತಂದ ಬೆಳೆ. ಅದರ ಬಿತ್ತನೆಗೆಡ್ಡೆಯು ಬಹುಕಾಲದಿಂದ ಪಂಜಾಬಿನ ಜಲಂಧರದ ಕಡೆಯಿಂದ ಬೇಸಗೆಯಲ್ಲಿ ಹಾಸನದ ಮಾರುಕಟ್ಟೆಗೆ ಬರುತ್ತದೆ. ಮನೆಯ ಗೆಡ್ಡೆ ಇರುವಾಗ ಅಷ್ಟು ದೂರದಿಂದ ತರಿಸುವದು ಯಾಕೆಂದು ಕೆಲವರು ಕೇಳುವದುಂಟು. ನಮ್ಮಲ್ಲಿ ಬೆಳೆದದ್ದನ್ನೇ ವರುಷ ವರುಷ ಬಿತ್ತುತ್ತಾ ಹೋದರೆ ಸಸ್ಯಹೇನುಗಳು ನಂಜುರೋಗವನ್ನು ಗಿಡದಿಂದ ಗಿಡಕ್ಕೆ ಹೊತ್ತು ಬೀಜದ ಬಲವು ಕುಂದುವದು. ಪಂಜಾಬಿನ ಬಯಲಿನಲ್ಲಿ ಚಳಿಗಾಲದ ಕೆಲವು ವಾರ ಆ ಹೇನುಗಳು ಬಹು ಕಡಿಮೆ. ಆ ವಾರಗಳಲ್ಲಿ ಬೆಳೆದ ಬೀಜವು ಬಹುಮಟ್ಟಿಗೆ ಶುದ್ಧವಾಗಿ ಉಳಿಯುವದು. ಇದೇ ಕಾರಣ. ಕೊಂಡು ತಂದದ್ದನ್ನು ಚೀಲದಲ್ಲಿಯೇ ರಾಶಿ ಒಟ್ಟಬಾರದು. ನೆರಳಿನಲ್ಲಿ ಗಾಳಿಯಾಡುವ ಕಡೆ ತೆಳ್ಳಗೆ ಹರಡಬೇಕು. ಹೋಳುಮಾಡಿ ಬಿತ್ತುವದಾದರೆ ಹೋಳಿಗೆ ಎರಡು ಕಣ್ಣಾದರೂ 40 ಗ್ರಾಂ ತೂಕವಾದರೂ ಇರಲಿ. ಕೊಳೆತ ಗೆಡ್ಡೆಯನ್ನು ಕೊಯ್ದ ಕುಡುಗೋಲನ್ನು ತೊಳೆಯದೆ ಒಳ್ಳೆಯದಕ್ಕೆ ತಾಕಿಸಬಾರದು. ಹೋಳುಗಳಿಗೆ ಮ್ಯಾಂಕೋಜೆಬ್ ಮದ್ದನ್ನು ಹಚ್ಚಿ, ಕೊಯ್ದ ಗಾಯವು ನೆರಳಲ್ಲಿ ಒಣಗಿದ ಮೇಲೆಯೇ ಬಿತ್ತತಕ್ಕದ್ದು. ಆರಿಸಿ ತೆಗೆದ ಕೊಳೆತ ಗೆಡ್ಡೆಗಳನ್ನು ಬದುವಿನ ಮೇಲೆ ಎಸೆದು ಬರುವ ಪದ್ಧತಿ ನಮ್ಮಲ್ಲಿ ಬಹಳ. ಅವುಗಳನ್ನು ಆಳವಾದ ಗುಂಡಿಯಲ್ಲಿ ಹೂಳಬೇಕೆಂದು ಹೇಳುವೆವು. ಅದರ ಕಾರಣವನ್ನು ಮುಂದೆ ನೋಡುವಿರಿ.

ಇನ್ನು ತಿಪ್ಪೆಗುಂಡಿ. ತೆಂಗು ಇರುವ ಊರಿನಲ್ಲಿ, ಮುಖ್ಯವಾಗಿ ಚನ್ನರಾಯಪಟ್ಟಣದ ಕಡೆಯಲ್ಲಿ, ಬೇಸಗೆಯ ಕೆಲಸಗಳಲ್ಲೆಲ್ಲಾ ಇದನ್ನು ಮೊದಲನೆಯದಾಗಿ ಎಣಿಸುತ್ತೇವೆ. ಕಳಿಯುತ್ತಿರುವ ಗೊಬ್ಬರದಲ್ಲಿಯೂ ಬಿದ್ದು ಕೊಳೆತ ತೆಂಗಿನ ಕಾಂಡದಲ್ಲಿಯೂ ಕುರುವಾಯಿ ದುಂಬಿಯು ಮೊಟ್ಟೆ ಇಡುವದು. ಮೊಟ್ಟೆಯಿಂದ ಹೊರಟ ಮರಿಯೇ ನಾವೆಲ್ಲರೂ ಬಲ್ಲ ಗೊಣ್ಣೆಹುಳು. ಬಿಳಿಯ ಮೈ, ಕಂದು ತಲೆ, ಬಿಲ್ಲಿನಂತೆ ಬಾಗಿ ಮಲಗಿರುವದು. ಅದು ತಿಪ್ಪೆಯಲ್ಲಿ ಕೆಲವು ತಿಂಗಳು ತಿಂದು ಕೊಬ್ಬಿ, ಕೋಶವಾಗಿ, ಮೂಗಿನ ಮೇಲೆ ಕೊಂಬುಳ್ಳ ಕಪ್ಪು ದುಂಬಿಯಾಗಿ ರಾತ್ರಿಯ ವೇಳೆ ಹಾರಿಹೋಗುವದು. ತಿಪ್ಪೆಯಲ್ಲಿರುವ ತನಕ ಅದರಿಂದ ಯಾರಿಗೂ ಉಪದ್ರವವಿಲ್ಲ. ಹಾರಿದ ಮೇಲೆ ತೆಂಗಿನ ಸುಳಿಯನ್ನು ಕೊರೆದು ಒಳಗಿನ ಮೆತ್ತನೆಯ ಭಾಗವನ್ನು ಅಗಿದು ರಸ ಕುಡಿಯುವದು. ಆ ಸುಳಿಯು ಬಿಚ್ಚಿದಾಗ ಗರಿಯು ಕತ್ತರಿಯಿಂದ ಕತ್ತರಿಸಿದ ಬೀಸಣಿಗೆಯಂತೆ ಕಾಣುವದು. ದೊಡ್ಡ ಮರವು ಅದನ್ನು ತಾಳಿಕೊಂಡೀತು. ಎಳೆಯ ಸಸಿಯು ತಾಳದು. ಅಲ್ಲದೆ ದುಂಬಿ ಮಾಡಿದ ಗಾಯದ ವಾಸನೆಗೆ ಕೆಂಪು ಮೂತಿಹುಳುವು ಬಂದು ಅಲ್ಲಿ ಮೊಟ್ಟೆ ಇಟ್ಟರೆ ಮರವೇ ಸಾಯುವದು.

ಆದಕಾರಣ ಮೇ ತಿಂಗಳು ಮುಗಿಯುವದರೊಳಗೆ ತಿಪ್ಪೆಯನ್ನು ತಳದ ತನಕ ತೆಗೆದು, ಗೊಬ್ಬರವನ್ನು ಹೊಲಕ್ಕೆ ಸಾಗಿಸಿ, ಸಿಕ್ಕಿದ ಹುಳುಗಳನ್ನು ಕೋಳಿಗಳಿಗೆ ಹಾಕಬೇಕು. ಗೊಬ್ಬರವನ್ನು ಕೆದಕುವ ಶಬ್ದ ಕೇಳಿದರೆ ಸಾಕು, ಕೇರಿಯ ಕೋಳಿಗಳೆಲ್ಲಾ ಕರೆಯದೆ ಬರುವವು. ತಿಪ್ಪೆಯನ್ನು ಪೂರ್ತಿ ತೆಗೆಯಲಾರದವರು ಮೆಟಾರೈಝಿಯಮ್ ಎಂಬ ಹಸುರು ಬೂಷ್ಟಿನ ಪುಡಿಯನ್ನು ನೀರಿನಲ್ಲಿ ಕಲಸಿ ತಿಪ್ಪೆಗೆ ಹೊಯ್ದರೆ ಅದು ಹುಳುಗಳಿಗೆ ರೋಗ ತಗಲಿಸಿ ಕೊಲ್ಲುವದು. ಸತ್ತು ನಿಂತ ತೆಂಗನ್ನು ಕಡಿದು ಸುಡಬೇಕು. ಎಳೆಯ ಸಸಿಗಳ ಸುಳಿಯ ಸಂದಿನಲ್ಲಿ ಬೇವಿನ ಹಿಂಡಿಯನ್ನೂ ಮರಳನ್ನೂ ಬೆರಸಿ ತುಂಬಬೇಕು.

ಇಷ್ಟನ್ನೂ ಬಲ್ಲವರಾಗಿದ್ದು ನಾವು ಎರಡು ವರುಷ ನಮ್ಮ ತಿಪ್ಪೆಯನ್ನು ಮುಟ್ಟಲಿಲ್ಲ. 2022ನೆಯ ಇಸವಿಯ ಬೇಸಗೆಯಲ್ಲಿ ಮನೆಯಲ್ಲಿ ಮದುವೆ ಇತ್ತು. ಅದು ಒಂದು ನೆವ. ಮುಂದಿನ ಬೇಸಗೆಯಲ್ಲಿ ಆ ನೆವವೂ ಇರಲಿಲ್ಲ. ಚೀಲದ ಗೊಬ್ಬರವು ಅಂಗಡಿಯಿಂದ ಗಾಡಿಯಲ್ಲಿ ಮನೆಬಾಗಿಲಿಗೆ ಬರುತ್ತಿರಲಾಗಿ ತಿಪ್ಪೆಯ ಗೊಬ್ಬರದ ಅವಶ್ಯವು ನಮಗೆ ತೋರಲಿಲ್ಲ. ಹಿಂದಿನ ಕಾಲದವರು ಗೊಬ್ಬರದ ಆಸೆಗಾಗಿ ವರುಷಕ್ಕೊಂದು ಸಾರಿ ತಿಪ್ಪೆ ಬಗೆಯುತ್ತಿದ್ದರು, ತಿಳಿಯದೆಯೇ ಹುಳುವನ್ನೂ ಕೊಲ್ಲುತ್ತಿದ್ದರು. ನಾವು ಆಸೆಯನ್ನು ಬಿಟ್ಟೆವು. ತಿಪ್ಪೆಯು ಹಿತ್ತಲಿನ ಹಲಸಿನ ಮರದ ನೆರಳಲ್ಲಿ ತಂಪಾಗಿ ಬೆಳೆಯುತ್ತಾ ಇತ್ತು.

ನಮ್ಮ ಹಿತ್ತಲಿನ ಬದುವಿನ ಆಚೆ ಒಬ್ಬ ಅಜ್ಜಿಯ ಅರ್ಧ ಎಕರೆ ನೆಲವಿದೆ. ಗಂಡನಿಲ್ಲ, ಮಗನು ಬೆಂಗಳೂರಿನಲ್ಲಿ ಕೂಲಿಗೆ ಇದ್ದಾನೆ. ಆಕೆ ನಾಲ್ಕು ತೆಂಗಿನ ಸಸಿಗಳನ್ನು ಇಟ್ಟು, ಬೇಸಗೆಯಲ್ಲಿ ದೂರದ ಕೊಳಾಯಿಯಿಂದ ಕೊಡದಲ್ಲಿ ನೀರು ಹೊತ್ತು ಐದು ವರುಷ ಸಾಕಿದಳು. 2023ರ ಆಗಸ್ಟ್ ತಿಂಗಳಲ್ಲಿ ಒಂದು ಬೆಳಗ್ಗೆ ಬದುವಿನ ಬಳಿ ಬಂದು, “ಮೇಷ್ಟ್ರೇ, ದುಂಬಿ ತೆಗೆಯೋ ಕಬ್ಬಿಣದ ಕೊಕ್ಕೆ ನಿಮ್ಮಲ್ಲಿ ಉಂಟಾ?” ಎಂದು ಕೇಳಿದಳು. ಕೊಕ್ಕೆ ತಕ್ಕೊಂಡು ನಾವೇ ಹೋದೆವು. ಒಂದು ಸಸಿಯ ಸುಳಿ ಆಗಲೇ ಕೊಳೆತು ಕೈಗೆ ಬಂತು. ಇನ್ನೊಂದರ ರಂಧ್ರದಿಂದ ಅಗಿದ ನಾರು ಹೊರಟು ಹೊಟ್ಟಿನಂತೆ ಅಂಟಿಕೊಂಡಿತ್ತು. ಕೊಕ್ಕೆಗೆ ಎರಡು ದುಂಬಿ ಸಿಕ್ಕಿದವು. “ಎಲ್ಲಿಂದ ಬಂದವೋ!” ಎಂದು ನಾವು ಅಂದೆವು. ಬಾಯಿಂದ ಸುಮ್ಮನೆ ಹೊರಟ ಮಾತು ಅದು. ಆಕೆಯು, “ಹಾರಾಡೋ ಹುಳ, ಯಾವ ಊರಿನದು ಅಂತ ಯಾರನ್ನ ಕೇಳೋದು ಮೇಷ್ಟ್ರೇ?” ಅಂದಳು.

ಮನೆಗೆ ಬಂದು ಹಾರೆ ಹಿಡಿದು ತಿಪ್ಪೆಯನ್ನು ಬಗೆದೆವು. ಎರಡು ತಾಸಿನಲ್ಲಿ ಎಂಬತ್ತಕ್ಕೂ ಮೇಲ್ಪಟ್ಟು ಗೊಣ್ಣೆಹುಳುಗಳು ಸಿಕ್ಕಿದವು. ಆ ವರುಷದ ಕೊನೆಗೆ ಅಜ್ಜಿಯ ನಾಲ್ಕು ಸಸಿಗಳಲ್ಲಿ ಮೂರು ಸತ್ತವು.

ಈಗ ಪ್ರಶ್ನೆಯನ್ನು ವಿಚಾರಿಸೋಣ. ನಮ್ಮ ಮನಸ್ಸು ಆ ರಾತ್ರಿ ನಮ್ಮ ಪರವಾಗಿ ವಕೀಲಿ ಮಾಡಿದ್ದನ್ನು ಮರೆಮಾಡದೆ ಹೇಳುವೆವು. ಅದು ಮೊದಲು ಹೇಳಿದ್ದು: ನಾವು ಏನೂ ಮಾಡಲಿಲ್ಲ. ಅಜ್ಜಿಯ ಸಸಿಯನ್ನು ಕಡಿಯಲಿಲ್ಲ, ಆಕೆಯ ನೆಲವನ್ನು ತುಳಿಯಲಿಲ್ಲ. ಏನೂ ಮಾಡದವನು ತಪ್ಪು ಮಾಡುವದು ಹೇಗೆ? ಈ ವಾದವು ಹೆಚ್ಚು ಹೊತ್ತು ನಿಲ್ಲಲಿಲ್ಲ. ತಿಪ್ಪೆಯನ್ನು ಗುಡ್ಡೆಮಾಡಿದವರು ನಾವೇ. ದನ ಕಟ್ಟಿದವನು ದನ ಬಿಚ್ಚಿಹೋಗದಂತೆ ನೋಡತಕ್ಕವನು. ಹಗ್ಗ ಸವೆದದ್ದನ್ನು ಕಂಡೂ ಬದಲಿಸದೆ, ದನವು ಪಕ್ಕದ ಹೊಲವನ್ನು ಮೇಯ್ದ ಮೇಲೆ, ನಾನು ಬಿಚ್ಚಲಿಲ್ಲ ಅನ್ನುವವನನ್ನು ಯಾವ ಪಂಚಾಯಿತಿಯೂ ಒಪ್ಪದು. ಗಾಯಪಟ್ಟು ದಾರಿಯಲ್ಲಿ ಬಿದ್ದವನನ್ನು ನೋಡಿಯೂ ಆಚೆಯ ಮಗ್ಗುಲಿನಿಂದ ದಾಟಿಹೋದ ಇಬ್ಬರ ಸಂಗತಿಯನ್ನು ನಮ್ಮ ವಾಚಕರು ಚಿಕ್ಕಂದಿನಿಂದ ಕೇಳಿದ್ದೀರಿ. ಅವರೂ ಅವನನ್ನು ಹೊಡೆದವರಲ್ಲ.

ಎರಡನೆಯ ವಾದವು ಇದಕ್ಕಿಂತ ಬಲವಾದದ್ದು. ಅದರೊಂದಿಗೆ ನಾವು ಬಹಳ ದಿನ ಹೋರಾಡಿದೆವು. ಊರಿನಲ್ಲಿ ತಿಪ್ಪೆಗಳು ಹತ್ತು ಹದಿನೈದು ಇವೆ. ಕೆರೆಯ ಏರಿಯ ಕೆಳಗೆ ಸತ್ತು ನಿಂತ ತೆಂಗುಗಳೂ ಇವೆ. ಅಜ್ಜಿಯ ಸಸಿಯನ್ನು ಕೊರೆದ ಆ ಎರಡು ದುಂಬಿಗಳು ನಮ್ಮ ತಿಪ್ಪೆಯವೆಂದು ಹೇಳಲು ದೇವರ ಹೊರತು ಯಾರಿಂದಲೂ ಆಗದು. ಹತ್ತು ಮಂದಿಯಲ್ಲಿ ಒಬ್ಬನಾದವನಿಗೆ ಹತ್ತರಲ್ಲಿ ಒಂದು ಪಾಲು ತಪ್ಪೋ? ಹಾಗಾದರೆ ಸಸಿಯ ಹತ್ತನೆಯ ಒಂದು ಪಾಲಿನ ಕ್ರಯವನ್ನು ಕೊಟ್ಟರೆ ಸಾಕೋ? ಅಥವಾ ದುಂಬಿಯು ನಮ್ಮದಲ್ಲದೆ ಬೇರೊಬ್ಬನದಾಗಿದ್ದರೆ ನಾವು ಪೂರ್ತಿ ನಿರಪರಾಧಿಗಳೋ? ಒಬ್ಬನ ತಪ್ಪು ಇನ್ನೊಬ್ಬನ ತಿಪ್ಪೆಯಿಂದ ದುಂಬಿ ಎತ್ತ ಹಾರಿತೆಂಬದರ ಮೇಲೆ ನಿಂತಿರುವದಾದರೆ, ತಪ್ಪು ಒಪ್ಪುಗಳು ಗಾಳಿಯ ಪಾಲಾದವು.

ಬಹಳ ಯೋಚಿಸಿದ ಮೇಲೆ ನಮಗೆ ತೋರಿದ್ದು ಇದು. ನ್ಯಾಯಸ್ಥಾನವು ಕೇಡಿನ ಕಡೆಯಿಂದ ಹಿಂದಕ್ಕೆ ಹೆಜ್ಜೆ ಹುಡುಕುತ್ತಾ ಬರುವದು. ಸತ್ತ ಸಸಿಯಿಂದ ದುಂಬಿಗೆ, ದುಂಬಿಯಿಂದ ತಿಪ್ಪೆಗೆ, ತಿಪ್ಪೆಯಿಂದ ಯಜಮಾನನಿಗೆ. ಹೆಜ್ಜೆ ತಪ್ಪಿದ ಕಡೆ ಅದು ನಿಲ್ಲತಕ್ಕದ್ದೇ. ನಿಲ್ಲದೆ ಹೋದರೆ ನಿರಪರಾಧಿಗೆ ದಂಡ ಬೀಳುವದು. ಮನಸ್ಸಾಕ್ಷಿಯಾದರೋ ಮುಂಚಿನ ಕಡೆಯಿಂದ ಹೊರಡುವದು. ಅದು ಕೇಳುವದು ಸತ್ತ ಸಸಿ ಯಾರದೆಂದಲ್ಲ. ಆ ಮೇ ತಿಂಗಳಲ್ಲಿ ನಿನಗೆ ತಿಳಿದದ್ದು ಏನು, ನಿನ್ನ ಕೈಲಾದದ್ದು ಏನು, ನೀನು ಮಾಡಿದ್ದು ಏನು ಎಂದು ಕೇಳುವದು. ಈ ಮೂರಕ್ಕೆ ಉತ್ತರ ಹೇಳುವದಕ್ಕೆ ದುಂಬಿಯ ದಾರಿಯನ್ನು ತಿಳಿಯಬೇಕಾದ ಅವಶ್ಯವಿಲ್ಲ. ಅಜ್ಜಿಯ ಸಸಿಯನ್ನು ಯಾವ ದುಂಬಿಯೂ ಮುಟ್ಟದೆ ಇದ್ದಿದ್ದರೂ ನಮ್ಮ ಉತ್ತರವು ಅದೇ ಆಗಿರುತ್ತಿತ್ತು. ಕೇಡು ಆಗದೆ ಹೋದರೆ ನಮಗೆ ನಾಚಿಕೆಯಾಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ನಾಚಿಕೆಯು ಬರುವದಕ್ಕೆ ಮೂರು ಸಸಿಗಳು ಸಾಯಬೇಕಾಯಿತೆಂಬದು ನಮಗೆ ಗೌರವದ ಮಾತಲ್ಲ.

ಇಲ್ಲಿ ತಿಳುವಳಿಕೆಯೆಂಬ ಮಾತು ಬಂತು. ಅದರ ಭಾರವನ್ನು ತೋರಿಸುವದಕ್ಕೆ ಆಲೂಗೆಡ್ಡೆಯ ಕಥೆಗಿಂತ ತಕ್ಕದ್ದು ನಮಗೆ ತಿಳಿಯದು. 1845ನೆಯ ಇಸವಿಯಲ್ಲಿ ಐರ್ಲೆಂಡ್ ದೇಶದಲ್ಲಿ ಆಲೂಗೆಡ್ಡೆಯ ಹೊಲಗಳಿಗೆ ಅಂಗಮಾರಿ ಬಿತ್ತು. ಹಸುರಾಗಿದ್ದ ಹೊಲವು ಕೆಲವೇ ದಿನಗಳಲ್ಲಿ ಕಪ್ಪಾಗಿ ನಾರುತ್ತಿತ್ತು. ನೆಲದೊಳಗಿನ ಗೆಡ್ಡೆಯೂ ಕೊಳೆಯುತ್ತಿತ್ತು. ಅಲ್ಲಿಯ ಬಡವರಿಗೆ ಬೇರೆ ಆಹಾರವಿರಲಿಲ್ಲ. ಮುಂದಿನ ಕೆಲವು ವರುಷಗಳಲ್ಲಿ ಹಸಿವೆಯಿಂದಲೂ ಅದರ ಬೆನ್ನಿಗೆ ಬಂದ ಜ್ವರಗಳಿಂದಲೂ ಸುಮಾರು 10 ಲಕ್ಷ ಜನರು ಸತ್ತರು. ಹೆಚ್ಚುಕಡಿಮೆ ಅಷ್ಟೇ ಮಂದಿ ಹಡಗು ಹತ್ತಿ ದೇಶ ಬಿಟ್ಟರು. ಕೆಲವರು ಇದು ದೇವರ ಕೋಪವೆಂದರು. ಪಂಡಿತರಲ್ಲಿ ಅನೇಕರು ಮಳೆ ಚಳಿಗಳ ದೋಷವೆಂದರು. 1846ರಲ್ಲಿ ಇಂಗ್ಲೆಂಡಿನ ಒಂದು ಹಳ್ಳಿಯ ಸಭಾಪಾಲಕರಾಗಿದ್ದ ಮೈಲ್ಸ್ ಜೋಸೆಫ್ ಬರ್ಕ್ಲಿಯವರು, ಎಲೆಯ ಅಡಿಯಲ್ಲಿ ಕಾಣುವ ಬಿಳಿಯ ಬೂಷ್ಟು ರೋಗದ ಫಲವಲ್ಲ, ಅದೇ ರೋಗಕ್ಕೆ ಕಾರಣವೆಂದು ಬರೆದರು. ಒಪ್ಪಿದವರು ಕಡಿಮೆ. 1861ರಲ್ಲಿ ಜರ್ಮನಿಯ ಆಂಟನ್ ಡಿ ಬಾರಿಯೆಂಬ ಪಂಡಿತನು ಒಳ್ಳೆಯ ಎಲೆಗೆ ಬೂಷ್ಟನ್ನು ತಗಲಿಸಿ ರೋಗ ಬರಿಸಿ ತೋರಿಸಿದ ಮೇಲೆ ಸಂಶಯವು ಹೋಯಿತು. 1885ರಲ್ಲಿ ಫ್ರಾನ್ಸ್ ದೇಶದ ಮಿಲಾರ್ಡೆಯೆಂಬವನು ದ್ರಾಕ್ಷೆಯ ರೋಗಕ್ಕೆ ಮೈಲುತುತ್ತ ಸುಣ್ಣಗಳ ಮದ್ದನ್ನು ಪ್ರಕಟಿಸಿದನು. ಅದು ಆಲೂಗೆಡ್ಡೆಗೂ ಆಯಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದವರು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಇದೇ ಮದ್ದನ್ನು ಮಳೆಗೆ ಮುಂಚೆ ಹೊಡೆಯುವ ಪದ್ಧತಿಯನ್ನು ನಿಲ್ಲಿಸಿದರು. ಅಡಿಕೆಯ ಕೊಳೆಯೂ ಆಲೂಗೆಡ್ಡೆಯ ಅಂಗಮಾರಿಯೂ ಒಂದೇ ಕುಲದ ಬೂಷ್ಟುಗಳಿಂದ ಬರುವವು.

1845ರಲ್ಲಿ ಐರ್ಲೆಂಡಿನ ಒಬ್ಬ ರೈತನು ರೋಗದ ಗೆಡ್ಡೆಗಳನ್ನು ಬದುವಿನ ಮೇಲೆ ಎಸೆದನೆಂದಿಟ್ಟುಕೊಳ್ಳಿರಿ. ಅವನಿಂದ ನೆರೆಯವನ ಹೊಲಕ್ಕೆ ಕೇಡಾಗಿದ್ದರೂ ಅವನನ್ನು ಯಾರೂ ದೂರಲಾರರು, ಅವನಿಗೆ ತಿಳಿಯದು. (ಹಸಿದವರು ಸಾಯುತ್ತಿರುವಾಗ ಅದೇ ದೇಶದಿಂದ ಧಾನ್ಯವನ್ನು ಹೊರಗೆ ಸಾಗಿಸಿದವರ ಸಂಗತಿ ಬೇರೆ, ಅವರಿಗೆ ತಿಳಿದಿತ್ತು.) ಹಾಸನದ ರೈತನು ಇಂದು ಅದೇ ಕೆಲಸ ಮಾಡಿದರೆ ಅದೇ ಮಾತು ಹೇಳಲಾಗದು. ಜುಲೈ ತಿಂಗಳ ಸೋನೆಮಳೆಯೂ ಮೋಡವೂ ತಂಪೂ ಸೇರಿದಾಗ ಒಂದು ಹೊಲದ ರೋಗವು ಗಾಳಿಯಲ್ಲಿ ಎಷ್ಟು ಹೊಲಗಳಿಗೆ ಹೋಗುವದೆಂಬದನ್ನು ನಮ್ಮ ಸೀಮೆಯು ಕಣ್ಣಾರೆ ನೋಡಿದೆ. 1968ರಲ್ಲಿ ಹೊರಟ ಕುಫ್ರಿ ಜ್ಯೋತಿ ಎಂಬ ತಳಿಯು ಮೊದಲು ಅಂಗಮಾರಿಯನ್ನು ತಾಳುತ್ತಿತ್ತು. ಬೂಷ್ಟು ಬದಲಾಗುತ್ತಾ ಬಂದು ಈಗ ಅದಕ್ಕೂ ಆ ಬಲ ಉಳಿದಿಲ್ಲ. ಅಂಗಮಾರಿಯ ಹೊಡೆತಕ್ಕೆ ಎಷ್ಟೋ ಮನೆಗಳು ಆಲೂಗೆಡ್ಡೆಯನ್ನು ಬಿಟ್ಟು ಜೋಳಕ್ಕೂ ಶುಂಠಿಗೂ ಹೋದವು. ಇಷ್ಟನ್ನು ಅನುಭವಿಸಿದವರು, ಕೊಳೆತ ಗೆಡ್ಡೆ ನನ್ನದು, ಬದು ನನ್ನದು, ಎಲ್ಲಿ ಬೇಕಾದರೂ ಎಸೆಯುವೆನು ಅನ್ನುವದು ಹೇಗೆ?

ಈ ಮಾತನ್ನು ಅರಕಲಗೂಡಿನ ಕಡೆಯ ಒಬ್ಬ ಸಹೋದರನ ಮುಂದೆ ಹೇಳಿದಾಗ ಆತನು ನಮಗೆ ತಿರುಗಿ ಹೇಳಿದ್ದು ಸಣ್ಣ ಮಾತಲ್ಲ. “ಅಣ್ಣಾ, ಮದ್ದು ಹೊಡೆಯುವದಕ್ಕೆ ನನ್ನಲ್ಲಿ ದುಡ್ಡಿಲ್ಲ. ಹೊಡೆಯುವ ಯಂತ್ರ ಬಾಡಿಗೆಯದು. ಮೋಡ ಕವಿದ ವಾರದಲ್ಲಿ ಎಲ್ಲರಿಗೂ ಒಂದೇ ದಿನ ಬೇಕು, ನನ್ನ ಸರದಿ ಕಡೆಗೆ. ನನ್ನ ಹೊಲದ ರೋಗ ಪಕ್ಕದವರ ಹೊಲಕ್ಕೆ ಹೋಯಿತು ಅಂತ ನನ್ನನ್ನೇ ಪಾಪಿ ಮಾಡುತ್ತೀರಾ?” ಎಂದನು. ಇಲ್ಲವೆಂದೇ ಹೇಳಬೇಕು. ತಿಳಿದಿದ್ದು ಕೈಲಾಗದವನನ್ನು ತಿಳಿದಿದ್ದು ಮಾಡದವನ ಸಾಲಿನಲ್ಲಿ ನಿಲ್ಲಿಸುವದು ಅನ್ಯಾಯ. ಹಾಗಾದರೆ ಆ ಹೊಲದ ಹೊಣೆಯು ಯಾರ ಮೇಲೂ ಇಲ್ಲವೋ? ನಮಗೆ ತೋರುವದೇನಂದರೆ, ಅದು ಕೈಲಾಗುವವನ ಕಡೆಗೆ ಜಾರಿ ಬರುವದು. ಪಕ್ಕದ ಹೊಲದವನಲ್ಲಿ ಯಂತ್ರವೂ ಮದ್ದೂ ಇದ್ದರೆ ಅವನು ತನ್ನದನ್ನು ಮುಗಿಸಿ ಬದುವಿನ ಬಳಿ ನಿಂತು, ನಾನು ನನ್ನ ಪಾಲು ಮಾಡಿದೆನು ಅನ್ನಬಾರದು. ಇನ್ನರ್ಧ ದಿನ ಬದು ದಾಟಿ ನಡೆಯಬೇಕು. ಇದು ಧರ್ಮವೂ ಹೌದು. ತನ್ನ ಬೆಳೆಯನ್ನು ಉಳಿಸಿಕೊಳ್ಳುವ ಬುದ್ಧಿಯೂ ಹೌದು. ಎರಡೂ ಒಂದಾಗಿ ಬಂದದ್ದರಿಂದ ಧರ್ಮವು ಕಡಿಮೆಯಾಯಿತೆಂದು ಸಂಕೋಚಪಡುವ ಅಗತ್ಯವಿಲ್ಲ.

ಇನ್ನು, ಕೈಲಾಗುವದು ನಿಶ್ಚಯವಾಗಿದ್ದೂ ಕಣ್ಣಿಗೆ ಬೀಳದವರು ಉಂಟು. ಊರು ಬಿಟ್ಟು ನಗರಗಳಲ್ಲಿರುವವರ ತೋಟಗಳು ತಂತಿಬೇಲಿಯೊಳಗೆ ಬೀಗ ಹಾಕಿಕೊಂಡು ನಿಂತಿವೆ; ಅವುಗಳಲ್ಲಿ ಸತ್ತ ಮರಗಳು ದುಂಬಿಗಳಿಗೆ ಛತ್ರವಾಗಿವೆ. ಅವರನ್ನು ಏನು ಮಾಡಬೇಕೆಂದು ಕೇಳುವಿರಿ. ಕಾಯಿದೆಯು ಈ ಪ್ರಶ್ನೆಯನ್ನು ಹಿಂದೆಯೇ ಕೇಳಿಕೊಂಡಿದೆ. 1919ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಬೆಳೆಗಳ ಹುಳು ಮತ್ತು ರೋಗಗಳ ವಿಷಯವಾಗಿ ಒಂದು ಕಾಯಿದೆ ಹುಟ್ಟಿತು. ತನ್ನ ನೆಲದಲ್ಲಿಯ ಪೀಡೆಯನ್ನು ತೆಗೆಯದವನಿಂದ ಅದನ್ನು ಬಲವಂತವಾಗಿ ತೆಗೆಸುವ ಅಧಿಕಾರವು ಅದರಿಂದ ಬಂತು. ನಮ್ಮ ರಾಜ್ಯದಲ್ಲಿಯೂ 1968ನೆಯ ಇಸವಿಯ ಅಂಥದೊಂದು ಕಾಯಿದೆಯುಂಟು. ಶಾಂತಸಾಗರದ ಸಮೋವಾ ದ್ವೀಪಗಳಿಗೆ 1909ರಲ್ಲಿ ಸಿಂಹಳದಿಂದ ರಬ್ಬರ್ ಸಸಿಗಳ ಮಣ್ಣಿನಲ್ಲಿ ಅಡಗಿಕೊಂಡು ಇದೇ ಕುರುವಾಯಿ ದುಂಬಿಯು ಹೋಯಿತು. ತೆಂಗೇ ಜೀವವಾಗಿದ್ದ ಆ ದ್ವೀಪದಲ್ಲಿ ಜನರೆಲ್ಲರೂ ಗೊತ್ತಾದ ದಿನಗಳಲ್ಲಿ ಹುಳು ಹುಡುಕಲೇಬೇಕೆಂದು ಆಗಿನ ಜರ್ಮನ್ ಸರಕಾರವು ಕಟ್ಟುಮಾಡಿತು. ಇವೆಲ್ಲಾ ಒಳ್ಳೆಯವೇ. ಆದರೂ ಅಧಿಕಾರಿಯು ವರುಷಕ್ಕೆ ಒಂದು ಸಾರಿ ಬಂದಾನು. ತಿಪ್ಪೆಯು ವರುಷವೆಲ್ಲಾ ಹಿತ್ತಲಲ್ಲಿ ಇರುವದು.

ಮೂರನೆಯ ವಾದವೊಂದು ಉಳಿಯಿತು. ಜಗುಲಿಗಳ ಮೇಲೆ ಬಹಳವಾಗಿ ಕೇಳಿಬರುವದು ಅದೇ. ಎಲ್ಲರೂ ಬಿಟ್ಟಿರುವಾಗ ನಾನೊಬ್ಬನು ತಿಪ್ಪೆ ಬಗೆದರೆ ಏನು ಪ್ರಯೋಜನ? ಹತ್ತು ತಿಪ್ಪೆಯಲ್ಲಿ ಒಂದು ಕಡಿಮೆಯಾದರೆ ಒಂಬತ್ತು ಉಳಿದವಲ್ಲವೇ? ಲೆಕ್ಕವು ಸರಿ. ಆದರೆ ನಮ್ಮ ತಿಪ್ಪೆಯಲ್ಲಿ ಸಿಕ್ಕಿದ ಹುಳುಗಳನ್ನು ನೆನಸುತ್ತೇವೆ. ಒಂದು ಸಸಿಯನ್ನು ಕೆಡಿಸುವದಕ್ಕೆ ಎಂಬತ್ತು ದುಂಬಿಗಳು ಬೇಡ, ಒಂದು ಸಾಕು.

ಅಲ್ಲದೆ ಬದುವನ್ನು ದಾಟುವದು ಕೇಡು ಮಾತ್ರವಲ್ಲ. ಬೇಸಗೆಯಲ್ಲಿ ತೆಂಗಿನ ಗರಿಯ ಅಡಿಯಲ್ಲಿ ಜಾಲ ಕಟ್ಟಿಕೊಂಡು ಹಸುರನ್ನು ಕೆರೆದು ತಿನ್ನುವ ಕಪ್ಪುತಲೆ ಹುಳುವನ್ನು ನಮ್ಮ ವಾಚಕರು ಬಲ್ಲಿರಿ. ಅದು ಹತ್ತಿದ ತೋಟವು ದೂರದಿಂದ ಬೆಂಕಿ ಬಿದ್ದಂತೆ ಕಾಣುವದು. ಅದಕ್ಕೆ ಗೋನಿಯೋಜಸ್ ಎಂಬ ಒಂದು ಚಿಕ್ಕ ಪರತಂತ್ರ ಕಣಜವಿದೆ. ಇರುವೆಯಷ್ಟೇ ಗಾತ್ರ, ಹುಳುವನ್ನು ಕುಟುಕಿ ಅದರ ಮೈಮೇಲೆ ಮೊಟ್ಟೆ ಇಡುವದು, ಮರಿಗಳು ಹುಳುವನ್ನು ತಿಂದು ಬೆಳೆಯುವವು. ಪ್ರಯೋಗಶಾಲೆಗಳಲ್ಲಿ ಇವುಗಳನ್ನು ಸಾಕಿ ಕೊಳವೆಗಳಲ್ಲಿ ರೈತರಿಗೆ ಕೊಡುತ್ತಾರೆ. ಹಣ ಕೊಟ್ಟು ತಂದು ತನ್ನ ಮರಗಳಲ್ಲಿ ಬಿಟ್ಟವನ ಕಣಜಗಳು ಅವನ ತೋಟದಲ್ಲಿಯೇ ಇರುವವೆಂಬ ನಿಯಮವಿಲ್ಲ. ಹುಳು ಇರುವ ಕಡೆಗೆ ಹೋಗುವವು. ಬದುವಿನ ಆಚೆಯವನಿಗೆ, ತನ್ನ ಮರವು ಯಾಕೆ ಚೇತರಿಸಿತೆಂದು ತಿಳಿಯದು. ಈ ವರುಷ ಮಳೆ ಚೆನ್ನಾಗಿತ್ತು ಅನ್ನುವನು. ಕಣಜ ಬಿಟ್ಟವನಿಗೂ, ತನ್ನ ಹಣದಲ್ಲಿ ಎಷ್ಟು ಪಾಲು ಎಲ್ಲಿಗೆ ಹೋಯಿತೆಂದು ತಿಳಿಯದು. ಯಾರಿಂದ ಕೇಡಾಯಿತೆಂಬದನ್ನು ಹುಡುಕಲು ಎಷ್ಟು ಕಷ್ಟವೋ ಯಾರಿಂದ ಒಳ್ಳೆಯದಾಯಿತೆಂಬದನ್ನು ಹುಡುಕಲೂ ಅಷ್ಟೇ ಕಷ್ಟ. ನಮ್ಮ ತೆಂಗುಗಳಲ್ಲಿ ಎಷ್ಟು ಯಾರ ಪ್ರಯಾಸದಿಂದ ಉಳಿದಿವೆಯೋ ನಾವೂ ಅರಿಯೆವು. ಹಾಗಿರಲಾಗಿ, ಸಾಲವು ಯಾರದೆಂದು ಗೊತ್ತಾಗದ ಮಾತ್ರಕ್ಕೆ ಸಾಲವೇ ಇಲ್ಲವೆಂದು ಹೇಳಲು ನಮಗೆ ಬಾಯಿ ಬಾರದು.

ಅಜ್ಜಿಗೆ ನಾವು ಎಲ್ಲವನ್ನೂ ಹೇಳಿದೆವು. ಹೇಳುವದಕ್ಕೆ ಆರು ತಿಂಗಳು ಹಿಡಿಯಿತು. ತಿಪ್ಪೆ ಬಗೆಯುವದಕ್ಕಿಂತ ಅದು ಕಷ್ಟವಾಗಿತ್ತು. ಆಕೆ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಮನೆ ತಿಪ್ಪೇನೂ ನಾನು ಬಗೆದಿರಲಿಲ್ಲ ಮೇಷ್ಟ್ರೇ. ಸೊಂಟ ಆಗಲ್ಲ” ಎಂದಳು. ಆಕೆಗೂ ಒಂದು ತಿಪ್ಪೆ ಉಂಟೆಂಬದು ನಮಗೆ ಅದುವರೆಗೆ ಹೊಳೆದಿರಲೇ ಇಲ್ಲ. ದುಂಬಿಗಳು ಆಕೆಯ ತಿಪ್ಪೆಯಿಂದಲೇ ಬಂದಿದ್ದರೂ ಬಂದಿರಬಹುದು. ಮಾರನೆಯ ದಿನ ನಮ್ಮ ಮನೆಯವರೂ ನಾವೂ ಹೋಗಿ ಆ ತಿಪ್ಪೆಯನ್ನು ತಳದ ತನಕ ತೆಗೆದೆವು. ಹುಳುಗಳನ್ನು ಈ ಸಾರಿ ಎಣಿಸಲಿಲ್ಲ.

ಅಂದಿನಿಂದ ಮೇ ತಿಂಗಳ ಎರಡನೆಯ ವಾರದಲ್ಲಿ ನಮ್ಮ ಕೇರಿಯ ಏಳು ಮನೆಗಳ ತಿಪ್ಪೆಗಳನ್ನು ಒಂದೇ ವಾರದಲ್ಲಿ ಸರದಿಯಂತೆ ಬಗೆಯುತ್ತೇವೆ. ಉಳಿದವರು ಇನ್ನೂ ಸೇರಿಲ್ಲ. ಈ ವರುಷ ಅಜ್ಜಿಯು ಸತ್ತ ಮೂರು ಸಸಿಗಳಿಗೆ ಬದಲು ಮೂರು ಗುಂಡಿ ತೋಡಿಸಿದ್ದಾಳೆ. ಅವುಗಳಲ್ಲಿ ಒಂದು ಬದುವಿಗೆ ತೀರ ಹತ್ತಿರವಾಯಿತು. ಮರವಾದ ಮೇಲೆ ಅರ್ಧ ನೆರಳು ನಮ್ಮ ಕಡೆಗೆ ಬೀಳುವದೆಂದು ಹೇಳಿ ನಾಲ್ಕು ಅಡಿ ಒಳಕ್ಕೆ ತೋಡಿಸೆಂದೆವು. ಆಕೆ ಕೇಳಲಿಲ್ಲ. “ಕಾಯಿ ಆ ಕಡೆ ಬಿದ್ರೆ ಎತ್ತಿ ಈ ಕಡೆ ಹಾಕಿ” ಎಂದಳು. ಗುಂಡಿಗಳಿಗೆ ಗೊಬ್ಬರ ನಮ್ಮ ತಿಪ್ಪೆಯದೇ ಹೋಗಿದೆ, ಜರಡಿ ಹಿಡಿದು ನೋಡಿಯೇ ಕಳುಹಿಸಿದ್ದೇವೆ. ಸಸಿಗಳು ನಮ್ಮ ಜಗುಲಿಯ ನೆರಳಿನಲ್ಲಿ ಮಳೆಗಾಗಿ ಕಾಯುತ್ತಿವೆ.